ಬಳ್ಳಿಗಾವಿ: ಪ್ರಭುದೇವರ ಊರಿನ ಶಿಲೆ ಮತ್ತು ಕೋಡಿಯ ಮಠದ ಅನ್ನ

ಶರಣಕ್ಷೇತ್ರಗಳ ಯಾತ್ರೆಯೆಂದೊಡನೆ ಭಕ್ತರ ಮನಸ್ಸಿಗೆ ಬರುವ ಹೆಸರುಗಳು ಕೂಡಲಸಂಗಮ, ಬಸವಕಲ್ಯಾಣ, ಬಸವನ ಬಾಗೇವಾಡಿ, ಉಳವಿ ಮತ್ತು ಶ್ರೀಶೈಲ. ಈ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿಯೇ ಇರಬೇಕಾದ ಇನ್ನೊಂದು ಊರು ಬಹುಮಂದಿಯ ಗಮನಕ್ಕೆ ಬಾರದೆ ಉಳಿದಿದೆ. ಅದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಸಮೀಪದಲ್ಲಿರುವ ಬಳ್ಳಿಗಾವಿ. ಅನುಭವ ಮಂಟಪದ ಶೂನ್ಯಪೀಠವನ್ನು ಅಲಂಕರಿಸಿದ ಅಲ್ಲಮಪ್ರಭುದೇವರು ಜನಿಸಿದ ಸ್ಥಳವೆಂದು ಪರಂಪರೆಯು ಈ ಊರನ್ನೇ ನೆನೆಯುತ್ತದೆ.

ಇಂದಿನ ಬಳ್ಳಿಗಾವಿ ಒಂದು ಸಣ್ಣ ಗ್ರಾಮ. ಅಡಕೆ ತೋಟ, ಗದ್ದೆ, ಕೆರೆಗಳ ನಡುವೆ ಕೆಲವು ಪ್ರಾಚೀನ ದೇಗುಲಗಳು, ಒಂದು ಎತ್ತರದ ಕಂಬ, ಸಾಲುಸಾಲಾಗಿ ನಿಂತ ಶಾಸನಕಲ್ಲುಗಳು ಮತ್ತು ವೀರಗಲ್ಲುಗಳು ಇಲ್ಲಿ ಕಾಣುತ್ತವೆ. ಮೊದಲ ಬಾರಿಗೆ ಬಂದವರು ಅರ್ಧ ಘಂಟೆಯಲ್ಲಿ ಎಲ್ಲವನ್ನೂ ನೋಡಿ ಮುಗಿಸಿ ಹಿಂದಿರುಗುವುದುಂಟು. ಆದರೆ ಈ ಊರು ಕಣ್ಣಿಗೆ ತೋರುವುದು ಸ್ವಲ್ಪ. ಅರಿವಿಗೆ ತೋರಬೇಕಾದುದು ಬಹಳ. ಪ್ರಭುದೇವರು ಯಾವ ವೈಭವದ ನಡುವೆ ಹುಟ್ಟಿ, ಯಾವುದನ್ನು ಬಿಟ್ಟು, ಯಾವುದನ್ನು ಹಿಡಿದು ನಡೆದರು ಎಂಬುದನ್ನು ತಿಳಿಯಬಯಸುವವರು ಈ ಕಲ್ಲುಗಳ ಮುಂದೆ ಕೆಲಕಾಲ ನಿಲ್ಲಬೇಕು.

ಅನಾದಿ ರಾಜಧಾನಿ

ಶಾಸನಗಳಲ್ಲಿ ಈ ಊರಿಗೆ ಬಳ್ಳಿಗಾವೆ, ಬಳ್ಳಿಗಾಮೆ, ಬಲಿಪುರ ಮೊದಲಾದ ಹೆಸರುಗಳಿವೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ಪನ್ನಿರ್ಚ್ಛಾಸಿರ, ಎಂದರೆ ಬನವಾಸಿ 12000 ಎಂಬ ವಿಶಾಲ ಪ್ರಾಂತದ ಪ್ರಮುಖ ನಗರವಾಗಿತ್ತು. ಶಾಸನಕವಿಗಳು ಇದನ್ನು ‘ಅನಾದಿ ರಾಜಧಾನಿ’ ಎಂದು ಕರೆದರು. ಹನ್ನೊಂದು ಮತ್ತು ಹನ್ನೆರಡನೆಯ ಶತಮಾನಗಳು ಇದರ ಉಚ್ಛ್ರಾಯ ಕಾಲ.

ಆ ಕಾಲದ ಬಳ್ಳಿಗಾವಿ ಒಂದೇ ಮತದವರ ಊರಾಗಿರಲಿಲ್ಲ. ಶಿವ, ವಿಷ್ಣು, ಬ್ರಹ್ಮ, ಜಿನ, ಬುದ್ಧ ಎಂಬ ಐದು ದೈವಗಳಿಗೂ ಇಲ್ಲಿ ಆಲಯಗಳಿದ್ದವು. ಕರ್ನಾಟಕದಲ್ಲಿ ಬೌದ್ಧಧರ್ಮವು ಬಹುತೇಕ ಕ್ಷೀಣಿಸಿದ್ದ ಕಾಲದಲ್ಲಿಯೂ, 1065ರಲ್ಲಿ, ದಂಡನಾಯಕ ರೂಪಭಟ್ಟಯ್ಯನು ಇಲ್ಲಿ ‘ಜಯಂತಿ ಬೌದ್ಧ ವಿಹಾರ’ವನ್ನು ಕಟ್ಟಿಸಿ, ತಾರಾ ಭಗವತಿಯ ಪೂಜೆಗೆ ವ್ಯವಸ್ಥೆ ಮಾಡಿದನೆಂಬುದು ಶಾಸನದಿಂದ ತಿಳಿದುಬರುತ್ತದೆ. ವಾದಿಗಳೂ ಪಂಡಿತರೂ ಕವಿಗಳೂ ಶಿಲ್ಪಿಗಳೂ ನರ್ತಕರೂ ವಾದ್ಯಗಾರರೂ ಒಂದೆಡೆ ನೆರೆದಿದ್ದ ನಗರವದು. ಪ್ರಭುದೇವರ ವಚನಗಳಲ್ಲಿ ಎಲ್ಲ ದರ್ಶನಗಳ ಪರಿಭಾಷೆಯೂ ಕೈವಶವಾಗಿರುವುದನ್ನು, ಎಲ್ಲ ಮತಗಳ ವಾದಿಗಳನ್ನೂ ಅವರು ನಿರ್ಭೀತಿಯಿಂದ ಎದುರಿಸುವುದನ್ನು ಕಂಡು ಬೆರಗಾಗುವ ಓದುಗರು, ಇಂತಹ ನಗರದ ಹಿನ್ನೆಲೆಯನ್ನು ನೆನೆದರೆ ಆ ಬೆರಗಿಗೆ ಒಂದು ನೆಲೆ ದೊರೆಯುತ್ತದೆ.

ಕೇದಾರೇಶ್ವರ ಮತ್ತು ತ್ರಿಪುರಾಂತಕ

ಯಾತ್ರಿಕರು ಮೊದಲು ನೋಡಬೇಕಾದುದು ಕೇದಾರೇಶ್ವರ ದೇವಾಲಯ. ಹಿಮಾಲಯದ ಕೇದಾರಕ್ಕೆ ಸಮನೆಂದು ಭಾವಿಸಿ ಶಾಸನಗಳು ಈ ಸ್ಥಾನವನ್ನು ದಕ್ಷಿಣಕೇದಾರವೆಂದು ಕೀರ್ತಿಸುತ್ತವೆ. ಇದು ತ್ರಿಕೂಟ ದೇಗುಲ. ಮೂರು ಗರ್ಭಗೃಹಗಳು ಒಂದೇ ಮಂಟಪಕ್ಕೆ ತೆರೆದುಕೊಂಡಿವೆ. ಮಂಟಪವು ಪೂರ್ವಕ್ಕೆ ಮುಖಮಾಡಿದೆ. ಮೂರು ಶಿಖರಗಳೂ ಉಳಿದುಬಂದಿರುವುದು ಇದರ ಭಾಗ್ಯ. ಶಿಖರದ ಮುಂಚಾಚಿನ ಮೇಲೆ ಸಿಂಹದೊಡನೆ ಹೋರಾಡುವ ವೀರನ ಪ್ರತಿಮೆ ಕಾಣುತ್ತದೆ. ಇದು ಹೊಯ್ಸಳರ ಲಾಂಛನ. ಮುಂದೆ ಅವರ ಕಾಲದಲ್ಲಿ ಸೇರಿದುದು. ಒಳಗೆ ತಿರುಗಣೆಯಲ್ಲಿ ಕಡೆದಂತೆ ನುಣುಪಾದ ಕಂಬಗಳಿವೆ. ಬಿಸಿಲು ಓರೆಯಾಗಿ ಬೀಳುವ ಬೆಳಗಿನ ಹೊತ್ತಿನಲ್ಲಿ ಅವುಗಳ ಮೇಲಿನ ಹೊಳಪನ್ನು ನೋಡಬೇಕು.

ಎರಡನೆಯದು ತ್ರಿಪುರಾಂತಕೇಶ್ವರ ದೇವಾಲಯ. ಇದು ಸುಮಾರು 1070ರ ಕಾಲದ್ದು. ಹೊರನೋಟಕ್ಕೆ ಸರಳವಾಗಿ ತೋರಿದರೂ ಒಳಗಿನ ಬಾಗಿಲವಾಡ ಮತ್ತು ಜಾಲಂಧ್ರಗಳ ಕೆತ್ತನೆ ಅಸಾಧಾರಣವಾದುದು. ಕಲ್ಲಿನಲ್ಲಿ ರಂಧ್ರಗಳನ್ನು ಕೊರೆದು, ಬಳ್ಳಿ ಮತ್ತು ನರ್ತಕರ ರೂಪಗಳನ್ನು ಹೆಣೆದ ಆ ಶಿಲ್ಪಿಗಳ ತಾಳ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಹೊರಗೋಡೆಯ ತಳಪಟ್ಟಿಕೆಯ ಸಣ್ಣ ಶಿಲ್ಪಗಳಲ್ಲಿ ಲೋಕಜೀವನದ ನಾನಾ ಮುಖಗಳಿವೆ.

ಬಳ್ಳಿಗಾವಿಯ ಶಿಲ್ಪಿಗಳ ಕೀರ್ತಿ ಊರಿನ ಗಡಿಯನ್ನು ದಾಟಿತ್ತು. 1117ರಲ್ಲಿ ಹೊಯ್ಸಳ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ದಾಸೋಜ ಮತ್ತು ಆತನ ಮಗ ಚಾವಣ ಎಂಬ ಶಿಲ್ಪಿಗಳ ಹೆಸರುಗಳು ಅವರ ಶಿಲ್ಪಗಳ ಕೆಳಗೇ ಕೊರೆಯಲ್ಪಟ್ಟಿವೆ. ದಾಸೋಜನು ಬಳ್ಳಿಗಾವಿಯವನು. ಬೇಲೂರಿನ ಮದನಿಕೆಯರನ್ನು ನೋಡಲು ಲೋಕವೇ ಹೋಗುತ್ತದೆ. ಅವರನ್ನು ಕಡೆದ ಕೈಗಳು ಪಳಗಿದ ಊರನ್ನು ಕಾಣಲು ಬರುವವರು ವಿರಳ. ಕೈಯ ಕಾಯಕಕ್ಕೆ ಹೆಸರಿನ ಗೌರವವಿದ್ದ ಆ ಪರಂಪರೆಯು ಶರಣರ ಕಾಲಕ್ಕೆ ಕೆಲವೇ ದಶಕಗಳಷ್ಟು ಮುಂಚಿನದೆಂಬುದು ನೆನಪಿಡತಕ್ಕ ಸಂಗತಿ.

ಭೇರುಂಡೇಶ್ವರ ಕಂಬ

ಊರಿನ ಇನ್ನೊಂದು ಆಕರ್ಷಣೆ ಭೇರುಂಡೇಶ್ವರ ಕಂಬ. ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಬನವಾಸಿ 12000ವನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಚಾಮುಂಡರಾಯರಸನು 1047ರಲ್ಲಿ ಇದನ್ನು ನಿಲ್ಲಿಸಿದನು. ಸುಮಾರು 30 ಅಡಿ ಎತ್ತರದ ಈ ಏಕಶಿಲಾ ಸ್ತಂಭದ ತುದಿಯಲ್ಲಿ ಮನುಷ್ಯದೇಹವೂ ಎರಡು ಪಕ್ಷಿಶಿರಗಳೂ ಇರುವ ಗಂಡಭೇರುಂಡ ಮೂರ್ತಿಯಿದೆ. ಮುಂದೆ ಮೈಸೂರು ಅರಸರ ಲಾಂಛನವಾಗಿ, ಇಂದು ಕರ್ನಾಟಕ ರಾಜ್ಯದ ಲಾಂಛನದಲ್ಲಿಯೂ ಬೆಳಗುತ್ತಿರುವ ಗಂಡಭೇರುಂಡದ ಪ್ರಾಚೀನ ಶಿಲ್ಪಗಳಲ್ಲಿ ಇದು ಬಹಳ ಮುಖ್ಯವಾದುದು. ಈ ಭಾಗದ ಶಾಸನಗಳಲ್ಲಿ ಭೂಮಿಯನ್ನು ಅಳೆಯಲು ‘ಭೇರುಂಡ ಗಳೆ’ ಎಂಬ ಮಾನವು ಬಳಕೆಯಲ್ಲಿದ್ದುದು ಕಂಡುಬರುತ್ತದೆ. ಅರಸನ ಪ್ರತಾಪದ ಗುರುತು ರೈತನ ಹೊಲದ ಅಳತೆಗೋಲಿಗೂ ಹೆಸರಾಯಿತು.

ಕೋಡಿಯ ಮಠ

ಇಲ್ಲಿಯವರೆಗೆ ಹೇಳಿದುದೆಲ್ಲ ಕಣ್ಣಿಗೆ ಕಾಣುವ ಕಟ್ಟಡಗಳ ಮಾತು. ಆದರೆ ಬಳ್ಳಿಗಾವಿಯ ಅತ್ಯಂತ ದೊಡ್ಡ ಸಂಸ್ಥೆ ಇಂದು ಕಟ್ಟಡವಾಗಿ ಉಳಿದಿಲ್ಲ. ಅದು ಶಾಸನದ ಅಕ್ಷರಗಳಲ್ಲಿ ಮಾತ್ರ ಉಳಿದಿದೆ. ಅದೇ ಕೋಡಿಯ ಮಠ.

ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಸ್ಥಳಕ್ಕೆ ಕೋಡಿ ಎಂದು ಹೆಸರು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಇದು ಕೋಡಿಯ ಮಠವಾಯಿತು. ಕೇದಾರೇಶ್ವರ ದೇವಾಲಯವು ಈ ಮಠಕ್ಕೆ ಸೇರಿದ್ದಿತು. ಇಲ್ಲಿನ ಆಚಾರ್ಯರು ಕಾಳಾಮುಖ ಶೈವರು. ಶಕ್ತಿಪರ್ಷೆಯ ಮೂವರಕೋಣೆಯ ಸಂತತಿಗೆ ಸೇರಿದವರು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಎಂಬ ಗುರುಗಳ ಹೆಸರುಗಳನ್ನು ಶಾಸನಗಳು ಗೌರವದಿಂದ ಹೇಳುತ್ತವೆ. ಕಾಳಾಮುಖರೆಂದರೆ ಭಯಂಕರ ಆಚರಣೆಗಳವರೆಂಬ ಒಂದು ಅಪವಾದವು ಪ್ರತಿಪಕ್ಷದ ಗ್ರಂಥಗಳಿಂದ ಹಬ್ಬಿತ್ತು. ಬಳ್ಳಿಗಾವಿಯ ಶಾಸನಗಳನ್ನು ಓದಿದವರಿಗೆ ಅದು ನಿಜವೆನಿಸಲಾರದು. ಅವುಗಳಲ್ಲಿ ಕಾಣುವವರು ವಿದ್ಯಾಗುರುಗಳು, ನಿಷ್ಠಾವಂತ ವ್ರತಿಗಳು, ಅನ್ನದಾನಿಗಳು.

1162ರ ಒಂದು ಶಾಸನವು ಕೋಡಿಯ ಮಠದ ವರ್ಣನೆಯನ್ನು ಮಾಡುತ್ತದೆ. ಅದರ ಪ್ರಕಾರ ಅಲ್ಲಿ ನಾಲ್ಕು ವೇದಗಳ ಅಧ್ಯಯನ ನಡೆಯುತ್ತಿತ್ತು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿತ್ತು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನದ ವಿಚಾರವೂ ನಡೆಯುತ್ತಿತ್ತು. ಲಾಕುಲ ಸಿದ್ಧಾಂತ, ಯೋಗಶಾಸ್ತ್ರ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳಿಗೂ ಅದು ಆಶ್ರಯವಾಗಿತ್ತು. ತನ್ನ ಮತವನ್ನು ಒಪ್ಪದವರ ಶಾಸ್ತ್ರವನ್ನೂ ತನ್ನ ಮನೆಯೊಳಗೆ ಕಲಿಸಿದ ಮಠವದು.

ಅದಕ್ಕಿಂತಲೂ ಮನಕರಗಿಸುವುದು ಶಾಸನದ ಮುಂದಿನ ಭಾಗ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಅಲ್ಲಿ ಅನ್ನವನ್ನು ಪಡೆಯುತ್ತಿದ್ದರು. ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಕುಣಿಯುವವರಿಗೆ, ಬೇರೆ ಬೇರೆ ಮತಗಳ ಭಿಕ್ಷುಗಳಿಗೆ ಅಲ್ಲಿ ಊಟವಿತ್ತು. ರೋಗಿಗಳಿಗೆ ಔಷಧೋಪಚಾರವಿತ್ತು. ಸಕಲ ಪ್ರಾಣಿಗಳಿಗೂ ಅಭಯ ದೊರೆಯುವ ತಾಣವೆಂದು ಶಾಸನವು ಅದನ್ನು ಕೊಂಡಾಡುತ್ತದೆ. ಪಾಠಶಾಲೆ, ಅನ್ನಛತ್ರ, ವೈದ್ಯಶಾಲೆ ಈ ಮೂರನ್ನೂ ಒಂದೇ ಸೂರಿನಡಿ ನಡೆಸಿದ ಕೋಡಿಯ ಮಠವನ್ನು ನೋಡಿದಾಗ, ಮಠವೆಂಬ ಶಬ್ದಕ್ಕೆ ಕನ್ನಡ ನೆಲದಲ್ಲಿ ಎಂಟುನೂರೈವತ್ತು ವರ್ಷಗಳ ಹಿಂದೆಯೇ ಎಂತಹ ಅರ್ಥವಿತ್ತೆಂಬುದು ಮನವರಿಕೆಯಾಗುತ್ತದೆ.

ಒಂದೇ ವರ್ಷ, ಎರಡು ದಾರಿ

ಈ ಶಾಸನದ ಕಾಲವನ್ನು ಭಕ್ತರು ವಿಶೇಷವಾಗಿ ಗಮನಿಸಬೇಕು. 1162 ಎಂದರೆ ಕಳಚೂರ್ಯ ಬಿಜ್ಜಳನು ಚಾಲುಕ್ಯರ ಅಧೀನತೆಯನ್ನು ಕಳಚಿ ಸಾರ್ವಭೌಮ ಬಿರುದುಗಳನ್ನು ಧರಿಸಿದ ವರ್ಷ. ದಕ್ಷಿಣದ ಪ್ರಾಂತವನ್ನು ಹತೋಟಿಗೆ ತರಲು ಬಂದ ಅವನು ಬಳ್ಳಿಗಾವಿಯಲ್ಲಿ ಬೀಡುಬಿಟ್ಟು, ಕೋಡಿಯ ಮಠದ ದೇವರಿಗೆ ದತ್ತಿಯನ್ನು ಬಿಟ್ಟನು. ಅದೇ ಬಿಜ್ಜಳನ ಆಳ್ವಿಕೆಯಲ್ಲಿ, ದೂರದ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯಲ್ಲಿ ಇನ್ನೊಂದು ಬಗೆಯ ಅನ್ನದ ಪಂಕ್ತಿ ನಡೆಯುತ್ತಿತ್ತು. ಬಳ್ಳಿಗಾವಿಯಿಂದ ಹೊರಟ ಅಲ್ಲಮಪ್ರಭುದೇವರು ಹೋಗಿ ಸೇರಿದುದು ಆ ಮಹಾಮನೆಯನ್ನು.

ಎರಡೂ ಕಡೆ ಹಸಿದವರಿಗೆ ಅನ್ನವಿತ್ತು. ಎರಡೂ ಕಡೆ ಶಿವಚಿಂತನೆಯಿತ್ತು, ವಾದ-ಸಂವಾದಗಳಿದ್ದವು. ಹಾಗಾದರೆ ವ್ಯತ್ಯಾಸವೇನು? ಕೋಡಿಯ ಮಠದ ಅನ್ನ ಅರಸನ ದತ್ತಿಯಿಂದ ಬಂದುದು. ಭೂಮಿ, ಗ್ರಾಮ, ಸುಂಕದ ಪಾಲು ಇವುಗಳಿಂದ ಆ ಒಲೆ ಉರಿಯುತ್ತಿತ್ತು. ಚಂದ್ರಸೂರ್ಯರು ಇರುವತನಕ ಈ ಧರ್ಮ ನಡೆಯಲಿ ಎಂದು ದತ್ತಿಶಾಸನಗಳು ಹಾರೈಸುತ್ತಿದ್ದವು. ಆದರೆ ಅರಸು ಬದಲಾದಂತೆ ದತ್ತಿಯೂ ಬದಲಾಯಿತು. ಚಾಲುಕ್ಯರು ಹೋದರು, ಕಳಚೂರ್ಯರು ಬಂದು ಹೋದರು, ಹೊಯ್ಸಳರೂ ಸೇವುಣರೂ ಈ ನೆಲಕ್ಕಾಗಿ ಸೆಣಸಿದರು. ನಗರವು ಗ್ರಾಮವಾಯಿತು. ಒಲೆಯು ತಣ್ಣಗಾಯಿತು. ಹಾರೈಕೆಯನ್ನು ಹೊತ್ತ ಕಲ್ಲು ಮಾತ್ರ ನಿಂತಿತು.

ಶರಣರ ದಾಸೋಹಕ್ಕೆ ಆಧಾರವಾದುದು ರಾಜದತ್ತಿಯಲ್ಲ, ಕಾಯಕ. ಅಂಬಿಗ, ಮಡಿವಾಳ, ಹಡಪದವ, ನೇಯುವವ, ಕಟ್ಟಿಗೆ ಮಾರುವವ ತಮ್ಮ ದಿನದ ದುಡಿಮೆಯಿಂದ ತಂದುದನ್ನು ಜಂಗಮಕ್ಕೆ ಅರ್ಪಿಸಿ ಉಂಡರು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ ನಿಲ್ಲುತ್ತಾನೆ. ದಾಸೋಹದಲ್ಲಿ ಕೊಡುವವನೇ ದಾಸನಾಗಿ ನಿಲ್ಲುತ್ತಾನೆ. ಕಲ್ಯಾಣದ ಕ್ರಾಂತಿಯ ತರುವಾಯ ಮಹಾಮನೆಯ ಗೋಡೆಗಳೂ ಉಳಿಯಲಿಲ್ಲ. ಆದರೂ ದಾಸೋಹ ನಿಲ್ಲಲಿಲ್ಲ. ಅದು ಗೋಡೆಗಳಲ್ಲಿ ಇರಲಿಲ್ಲವಾದುದರಿಂದ, ಚದುರಿಹೋದ ಶರಣರ ಜೊತೆಯಲ್ಲಿಯೇ ಊರೂರಿಗೆ ನಡೆದುಹೋಯಿತು. ಸ್ಥಾವರ ಮತ್ತು ಜಂಗಮ ಎಂಬ ಎರಡು ಪದಗಳ ಅರ್ಥವನ್ನು ಗ್ರಂಥದಿಂದ ತಿಳಿಯುವುದು ಒಂದು ಬಗೆ. ಬಳ್ಳಿಗಾವಿಯ ಕೆರೆಯ ದಂಡೆಯಲ್ಲಿ ನಿಂತು ತಿಳಿಯುವುದು ಇನ್ನೊಂದು ಬಗೆ.

ಇಷ್ಟು ಹೇಳಿದ ಮಾತ್ರಕ್ಕೆ ಕೋಡಿಯ ಮಠದ ಹಿರಿಮೆಯನ್ನು ಕಡೆಗಣಿಸುವಂತಿಲ್ಲ. ಕಾಳಾಮುಖರ ಅನೇಕ ಸ್ಥಾನಗಳು ಕಾಲಕ್ರಮದಲ್ಲಿ ವೀರಶೈವ ಮಠಗಳಾಗಿ ಮುಂದುವರಿದವೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಇಂದು ನಾಡಿನ ಮಠಗಳಲ್ಲಿ ಅನ್ನ, ಅಕ್ಷರ, ಆಶ್ರಯಗಳ ಸೇವೆಯು ನಡೆಯುತ್ತಿರುವುದರ ಹಿಂದೆ ಕಲ್ಯಾಣದ ದಾಸೋಹವೂ ಇದೆ, ಬಳ್ಳಿಗಾವಿಯ ಕೋಡಿಯ ಮಠದಂತಹ ಸಂಸ್ಥೆಗಳ ನೆನಪೂ ಇದೆ.

ನೆಲದಿಂದ ಎದ್ದ ಕಳಸ

ಪ್ರಭುದೇವರ ಚರಿತ್ರೆಯನ್ನು ಹೇಳುವ ಕೃತಿಗಳಲ್ಲಿ ಹರಿಹರ ಕವಿಯ ರಗಳೆ ಪ್ರಾಚೀನವಾದುದು. ಚಾಮರಸನ ‘ಪ್ರಭುಲಿಂಗಲೀಲೆ’ಯು ಹದಿನೈದನೆಯ ಶತಮಾನದ್ದು. ಇವೆರಡರ ಕಥನಗಳಲ್ಲಿ ಬಹಳ ಭೇದವಿದೆ. ಚಾಮರಸನ ಪ್ರಭುವು ಮಾಯೆಗೆ ಎಂದೂ ಸಿಲುಕದ ಪರವಸ್ತು. ಹರಿಹರನ ಅಲ್ಲಮನು ದೇಗುಲದಲ್ಲಿ ಮದ್ದಳೆ ನುಡಿಸುವ ಕಲಾವಿದ. ಕಮಲತೆಯನ್ನು ಮನಸಾರೆ ಪ್ರೀತಿಸಿದವನು. ಅವಳ ಅಕಾಲ ಮರಣದಿಂದ ದಿಕ್ಕುಗೆಟ್ಟವನು.

ದುಃಖದಿಂದ ಊರ ಹೊರಗಿನ ತೋಟದಲ್ಲಿ ಕುಳಿತ ಅಲ್ಲಮನು ಕಾಲಿನ ಉಗುರಿನಿಂದ ನೆಲವನ್ನು ಕೆದಕುತ್ತಿರುವಾಗ ಮಣ್ಣಿನೊಳಗೆ ಹೊನ್ನಿನ ಕಳಸವೊಂದು ಕಾಣಿಸಿತು. ಅಗೆಸಿದಾಗ ಅದು ಹೂತುಹೋದ ಒಂದು ದೇಗುಲದ ಶಿಖರವೆಂದು ತಿಳಿಯಿತು. ಬಾಗಿಲನ್ನು ತೆರೆದು ಒಳಹೊಕ್ಕರೆ, ಕರತಲದಲ್ಲಿ ಲಿಂಗವನ್ನು ಹಿಡಿದು, ಎವೆಯಿಕ್ಕದೆ ಅದರಲ್ಲಿಯೇ ದೃಷ್ಟಿಯಿಟ್ಟು ಕುಳಿತಿದ್ದ ಒಬ್ಬ ಯೋಗಿ ಕಂಡನು. ಆತನೇ ಅನಿಮಿಷಯ್ಯ. ಆ ಲಿಂಗವು ಅಲ್ಲಮನ ಕೈಗೆ ಬಂದೊಡನೆ ಯೋಗಿಯ ಪ್ರಾಣವು ಬಯಲಾಯಿತು. ಮದ್ದಳೆಯ ಅಲ್ಲಮನು ಗುಹೇಶ್ವರನ ಅಲ್ಲಮಪ್ರಭುವಾದುದು ಅಂದಿನಿಂದ. ಗುಹೆಯ ಒಡೆಯನೆಂಬ ಆ ಅಂಕಿತವನ್ನು ಕೇಳಿದಾಗಲೆಲ್ಲ ನೆಲದೊಳಗಿನ ಆ ಗುಡಿಯು ನೆನಪಾಗುವುದು ಸಹಜವೇ.

ದೇಗುಲಗಳಿಂದಲೇ ತುಂಬಿದ್ದ ಊರಿನ ಕಲಾವಿದನಿಗೆ ದೇವರು ದೊರೆತುದು ದೀಪ, ಗಂಟೆ, ನೃತ್ಯಗಳಿದ್ದ ಗುಡಿಯಲ್ಲಲ್ಲ; ಮಣ್ಣು ಮುಚ್ಚಿದ ಗುಡಿಯಲ್ಲಿ. ಅಲ್ಲಿಯೂ ಪೀಠದ ಮೇಲಲ್ಲ. ಬದುಕಿರುವ ಒಬ್ಬ ಮನುಷ್ಯನ ಅಂಗೈಯಲ್ಲಿ. ಕಥೆಯ ಸ್ವಾರಸ್ಯವೆಲ್ಲ ಇಲ್ಲಿದೆ. ಗುಡಿಯನ್ನು ಅಗೆದು ತೆಗೆದ ಅಲ್ಲಮನು ಅಲ್ಲಿಯೇ ಉಳಿದು ಅದರ ಜೀರ್ಣೋದ್ಧಾರಕ್ಕೆ ನಿಲ್ಲಲಿಲ್ಲ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನಡೆದನು.

ಇಂದಿನ ಬಳ್ಳಿಗಾವಿಯೂ ನೆಲದಿಂದ ಎದ್ದ ಕಳಸದಂತೆಯೇ ಇದೆ. ಕೇದಾರೇಶ್ವರದ ಶಿಖರ, ಭೇರುಂಡದ ಕಂಬ, ತ್ರಿಪುರಾಂತಕದ ಬಾಗಿಲವಾಡ ಇವೆಲ್ಲ ಮೇಲೆ ಕಾಣುವ ಕಳಸ. ಅದನ್ನು ನೋಡಿ ಭಾವಚಿತ್ರ ತೆಗೆದುಕೊಂಡು ಹಿಂದಿರುಗಿದರೆ ಬಾಗಿಲ ತನಕವೂ ಹೋದಂತಾಗಲಿಲ್ಲ. ಹಸಿದವನಿಗೆ ಅನ್ನ, ರೋಗಿಗೆ ಮದ್ದು, ಭಿನ್ನಮತದವನಿಗೂ ಪೀಠ ಎಂಬ ಒಳಗುಡಿಯನ್ನು ಕಂಡಾಗಲೇ ಯಾತ್ರೆಯು ಪೂರ್ಣವಾಗುತ್ತದೆ.

ಸುತ್ತಲಿನ ಸ್ಥಳಗಳು

ಬಳ್ಳಿಗಾವಿಗೆ ಬಂದವರು ಸಮೀಪದ ಎರಡು ಸ್ಥಳಗಳನ್ನು ತಪ್ಪದೆ ನೋಡಬೇಕು. ಮೊದಲನೆಯದು ತಾಳಗುಂದ. ಇಲ್ಲಿನ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭಶಾಸನವು ಕದಂಬ ಶಾಂತಿವರ್ಮನ ಕಾಲದ್ದು; ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದುದು. ವಿದ್ಯೆಗಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಮಯೂರಶರ್ಮನು ಪಲ್ಲವರ ಅಶ್ವಾರೋಹಿಯೊಡನೆ ನಡೆದ ಕಲಹದಲ್ಲಿ ಅವಮಾನಿತನಾಗಿ, ಶಸ್ತ್ರ ಹಿಡಿದು ರಾಜ್ಯ ಕಟ್ಟಿದ ವೃತ್ತಾಂತವು ತಿಳಿಯುವುದು ಈ ಕಲ್ಲಿನಿಂದಲೇ. ಇಲ್ಲಿಯೇ 2013ರ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನದ ಶಾಸನವು ಸುಮಾರು 370ರದೆಂದೂ, ಹಲ್ಮಿಡಿ ಶಾಸನಕ್ಕಿಂತಲೂ ಹಿಂದಿನ ಕನ್ನಡ ಶಾಸನವೆಂದೂ ಪುರಾತತ್ತ್ವಜ್ಞರು ಅಭಿಪ್ರಾಯಪಟ್ಟಿದ್ದಾರೆ. ವಚನಗಳ ಭಾಷೆಯಾದ ಕನ್ನಡವು ಕಲ್ಲಿನ ಮೇಲೆ ಮೊದಲು ಮೂಡಿದ ನೆಲಗಳಲ್ಲಿ ಇದೂ ಒಂದೆಂಬುದು ಭಕ್ತರಿಗೆ ಸಂತೋಷದ ವಿಷಯ.

ಎರಡನೆಯದು ಅಕ್ಕಮಹಾದೇವಿಯವರ ಜನ್ಮಸ್ಥಳವಾದ ಉಡುತಡಿ. ಇದೂ ಶಿರಾಳಕೊಪ್ಪದ ಸಮೀಪದಲ್ಲಿಯೇ ಇದೆ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಅಕ್ಕನವರ ಎತ್ತರವಾದ ಪ್ರತಿಮೆಯು ಸ್ಥಾಪನೆಗೊಂಡಿದೆ. ಅನುಭವ ಮಂಟಪದಲ್ಲಿ ಅಕ್ಕನವರನ್ನು ಕಠಿಣ ಪ್ರಶ್ನೆಗಳಿಂದ ಪರೀಕ್ಷಿಸಿದವರು ಪ್ರಭುದೇವರು. ಉತ್ತರಿಸಿ ಮಣಿಸಿದವರು ಅಕ್ಕನವರು. ಅಷ್ಟು ದೂರದ ಕಲ್ಯಾಣದಲ್ಲಿ ಎದುರುಬದುರಾದ ಆ ಇಬ್ಬರೂ ಒಂದೇ ಸೀಮೆಯ ಮಣ್ಣಿನವರೆಂಬುದನ್ನು ಇಲ್ಲಿ ನಿಂತಾಗ ಮಾತ್ರ ಹೃದಯವು ಅರಿಯುತ್ತದೆ.

ಸಮಯವಿದ್ದವರು ಬನವಾಸಿಯ ಮಧುಕೇಶ್ವರ ದೇವಾಲಯಕ್ಕೂ ಹೋಗಿಬರಬಹುದು. ಪ್ರಭುಲಿಂಗಲೀಲೆಯಲ್ಲಿ ಪ್ರಭುವು ಮದ್ದಳೆ ನುಡಿಸಿದ ಸ್ಥಳವದು.

ಯಾತ್ರಿಕರಲ್ಲಿ ವಿನಂತಿ

ಶಿವಮೊಗ್ಗದಿಂದ ಶಿಕಾರಿಪುರ ಮಾರ್ಗವಾಗಿ ಶಿರಾಳಕೊಪ್ಪಕ್ಕೆ ಬಸ್ಸುಗಳಿವೆ. ಅಲ್ಲಿಂದ ಬಳ್ಳಿಗಾವಿ ಬಹಳ ಹತ್ತಿರ. ಮಳೆಗಾಲ ಕಳೆದ ಮೇಲಿನ ತಿಂಗಳುಗಳು ಪ್ರಯಾಣಕ್ಕೆ ಅನುಕೂಲ. ಬೆಳಿಗ್ಗೆ ಬೇಗ ಹೊರಟರೆ ಬಳ್ಳಿಗಾವಿ, ತಾಳಗುಂದ, ಉಡುತಡಿಗಳನ್ನು ಒಂದೇ ದಿನದಲ್ಲಿ ನಿಧಾನವಾಗಿ ನೋಡಬಹುದು. ಶಾಸನಕಲ್ಲುಗಳಿಗೆ ಎಣ್ಣೆ, ಅರಿಶಿನ, ಕುಂಕುಮಗಳನ್ನು ಬಳಿಯಬಾರದು, ಅಕ್ಷರಗಳು ಮುಚ್ಚಿಹೋಗುತ್ತವೆ. ಗೋಡೆಗಳ ಮೇಲೆ ಹೆಸರುಗಳನ್ನು ಗೀಚಬಾರದು. ದಾಸೋಜನ ಹೆಸರು ಕಲ್ಲಿನ ಮೇಲೆ ಉಳಿದುದು ಕಾಯಕದಿಂದಲೇ ಹೊರತು ಗೀಚಿದುದರಿಂದಲ್ಲ.

ಕೊನೆಯದಾಗಿ ಒಂದು ಮಾತು. ಬಳ್ಳಿಗಾವಿಯಲ್ಲಿ ಕೋಡಿಯ ಮಠವನ್ನು ತೋರಿಸಿರೆಂದು ಕೇಳಿದರೆ ತೋರಿಸಲು ಕಟ್ಟಡವಿಲ್ಲ. ಆ ಊರನ್ನು ನೋಡಿ ಮನೆಗೆ ಮರಳಿದ ಭಕ್ತನು ಹಸಿದು ಬಂದ ಒಬ್ಬನಿಗೆ ತನ್ನ ದುಡಿಮೆಯ ಅನ್ನವನ್ನು, ಅವನ ಜಾತಿ ಮತಗಳನ್ನು ಕೇಳದೆ, ದಾಸನಾಗಿ ನಿಂತು ನೀಡಿದರೆ, ಬಳ್ಳಿಗಾವಿಯಲ್ಲಿ ಕಾಣದ ಆ ಮಠವು ಅವನ ಮನೆಯ ಅಂಗಳದಲ್ಲಿಯೇ ಕಾಣಿಸೀತು. ಪ್ರಭುದೇವರು ಅಂಗೈಯಲ್ಲಿ ಹಿಡಿದು ನಡೆದುದು ಅಂತಹ ಮಠವನ್ನೇ.